ಬಿಡಿ ಸರಿಯಿದ್ದರೆ ಇಡಿ ಸರಿಯೇ?



ಕ್ವಾಂಟಮ್ ವಿಜ್ಞಾನದ ಒಂದು ಸಂಗತಿ ಈ ವಾರ ನನ್ನನ್ನು ಬಿಟ್ಟಿಲ್ಲ. ಎರಡು ಕಣಗಳು ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಅಂಥ ಬೆಳಕಿನ ಕಣಗಳ ಪ್ರಯೋಗ ನಡೆಯುತ್ತದೆ. ಕ ಮತ್ತು ಖ ಪೂರ್ತಿ ಹೆಣೆದುಕೊಂಡಿವೆ ಅಂದರೆ ಸರಿ. ಖ ಮತ್ತು ಗ ಪೂರ್ತಿ ಹೆಣೆದುಕೊಂಡಿವೆ ಅಂದರೂ ಬಿಡಿಯಾಗಿ ಸರಿ. ಆದರೆ ಈ ಎರಡೂ ಒಟ್ಟಿಗೆ ನಿಜವಾಗುವಂಥ ಮೂರು ಕಣಗಳ ಸ್ಥಿತಿಯೇ ಇಲ್ಲ. ಕ ಜೊತೆ ಪೂರ್ತಿ ಬೆಸೆದ ಖ, ಗ ಜೊತೆ ಒಂದೆಳೆಯೂ ಬೆಸೆಯದು.

(ಬುದ್ಧರು ಇದನ್ನು ಅಂದೇ ಹೇಳಿದ್ದರು ಎಂದು ದಯವಿಟ್ಟು ಫಾರ್ವರ್ಡ್ ಮಾಡಬೇಡಿ. ಹೋಲಿಕೆ ನನ್ನದು.)

1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಬೋಧಿಸಿದ 22 ಪ್ರತಿಜ್ಞೆಗಳಲ್ಲಿ ಮನುಷ್ಯರ ಸಮಾನತೆಯೂ ಒಂದು. ನಮ್ಮ ರಾಯಲ್ಪಾಡು ಕಡೆ ಮನೆಗಳಲ್ಲಿ ಅದನ್ನು ಹೇಳುತ್ತೇವೆ, ಸಂತೋಷ. ಮಗಳಿಗೆ ಗಂಡು ನೋಡುವಾಗ ಮಾತ್ರ, "ಎಡಗೈಯೋರಾ, ಬಲಗೈಯೋರಾ?" ಅದಕ್ಕೂ ಕಾರಣ ಸಿದ್ಧ: ನೆಂಟರು ಏನಂತಾರೆ, ಮಗಳು ಹೊಂದಿಕೊಳ್ಳಬೇಕಲ್ಲ. ಬೇರೆ ಬೇರೆ ದಿನ ಕೇಳಿದರೆ ಎರಡು ಮಾತೂ ಒಪ್ಪುವಂತೆಯೇ ಇವೆ. ಎರಡನ್ನೂ ಒಟ್ಟಿಗೆ ಹೊತ್ತ ಬೌದ್ಧ ಮನೆ ಎಲ್ಲಿದೆ? ಜಾತಿಗೆ ನಿಜವಾದ ಮದ್ದು ಅಂತರ್ಜಾತಿ ಮದುವೆ ಎಂದು ಬಾಬಾಸಾಹೇಬರು 1936ರಲ್ಲೇ 'ಜಾತಿ ವಿನಾಶ'ದಲ್ಲಿ ಬರೆದರು.

ವಿಜ್ಞಾನಿಗಳು ಆ ಹೆಣಿಗೆಯನ್ನು ಸಂಪನ್ಮೂಲ ಎನ್ನುತ್ತಾರೆ. ದೂರದಲ್ಲಿ ಕೂತು, ತಂತಮ್ಮ ಕಣವನ್ನಷ್ಟೇ ಮುಟ್ಟಿ, ಫೋನಿನಲ್ಲಿ ಎಷ್ಟು ಮಾತಾಡಿಕೊಂಡರೂ ಅದು ಹೊಸದಾಗಿ ಹುಟ್ಟುವುದಿಲ್ಲ. ನಮ್ಮ ಈ ಮೆಸೇಜುಗಳ ಕಥೆಯೂ ಅಷ್ಟೇ. ಭಾನುವಾರ ವಂದನೆಯಾದ ಮೇಲೆ ಎದುರುಬದುರು ಕೂತು ಮಕ್ಕಳ ಮದುವೆಯ ಮಾತನ್ನೇ ಎತ್ತೋಣ. ಹಿರಿಯರನ್ನೂ ಕರೆತನ್ನಿ.

ಭವತು ಸಬ್ಬ ಮಂಗಲಂ.