ಮುಂದಿನ ಗಾಲಿ, ಹಿಂದಿನ ಗಾಲಿ

ಧರ್ಮಸಂಕಟಗಳು ದೊಡ್ಡ ದೊಡ್ಡ ಕಡೆಗಳಲ್ಲಿಯೇ ಹುಟ್ಟುತ್ತವೆಂಬ ಭಾವನೆ ನಮ್ಮಂಥ ಮೇಷ್ಟ್ರುಗಳಿಗೆ ಇದ್ದೇ ಇರುತ್ತದೆ. ರಣರಂಗವಾಗಲಿ, ರಾಜಸಭೆಯಾಗಲಿ, ಕಡೆಗೆ ನ್ಯಾಯಾಲಯವಾದರೂ ಆಗಲಿ, ಏನಾದರೊಂದು ಘನವಾದ ರಂಗಸಜ್ಜಿಕೆ ಇರಬೇಕು. ನನಗಾದರೋ ಒಂದು ಧರ್ಮಸಂಕಟ ಐಮಂಗಲದ ನಮ್ಮ ಮನೆಯ ಜಗಲಿಯ ಮೇಲೆ, ಬೈಸಿಕಲ್ಲಿನ ಟೈರಿನ ರೂಪದಲ್ಲಿ ಎದುರಾಯಿತು. ಅದನ್ನು ಹೇಳಿಬಿಡುತ್ತೇನೆ, ವಾಚಕರು ನಕ್ಕರೂ ಚಿಂತೆಯಿಲ್ಲ.

ನಮ್ಮ ಅಣ್ಣನ ಮಗಳು ಹತ್ತನೆಯ ತರಗತಿಯಲ್ಲಿ ಓದುತ್ತಾಳೆ. ತೋಟದ ಮನೆಯಿಂದ ಶಾಲೆಗೆ ಹೋಗಿಬರಲು ಅವಳಿಗೊಂದು ಸೈಕಲ್ಲು ಬೇಕಾಗಿತ್ತು. ಚಿತ್ರದುರ್ಗದಲ್ಲಿ ನನ್ನ ಪರಿಚಯದವರ ಮನೆಯ ಹುಡುಗನೊಬ್ಬ ಓಡಿಸಿ ಬಿಟ್ಟಿದ್ದ ‘ಮೌಂಟನ್ ಬೈಕ್’ ಒಂದನ್ನು ತಂದುಕೊಟ್ಟೆ. ಗೇರು, ದಪ್ಪ ಟೈರು, ಟೈರಿನ ಮೈತುಂಬ ರಬ್ಬರಿನ ಗುಬುಟುಗಳು. ೧೯೭೦ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದ ಹುಡುಗರು ಹಳೆಯ ಸೈಕಲ್ಲುಗಳಿಗೆ ದಪ್ಪ ಟೈರು ಹಾಕಿಕೊಂಡು ಬೆಟ್ಟದಿಂದ ಧುಮುಕುತ್ತಿದ್ದರಂತೆ. ಅದೇ ಆಟ ಮುಂದೆ ಲೋಕವನ್ನೆಲ್ಲ ಹಬ್ಬಿತು. ನಮ್ಮ ಹುಡುಗಿಗೆ ಧುಮುಕುವ ಬೆಟ್ಟ ಬೇಕಿಲ್ಲ, ನಮ್ಮ ದಾರಿಯೇ ಸಾಕು. ಹಿರಿಯೂರಿನಿಂದ ಚಿತ್ರದುರ್ಗಕ್ಕೆ ಹೋಗುವ ಹೆದ್ದಾರಿಯ ಮೇಲಿರುವ ತನಕ ಎಲ್ಲ ನುಣುಪು. ಅದನ್ನು ಬಿಟ್ಟು ಹೊಲದ ದಾರಿಗಿಳಿದರೆ ಗೊರಚು, ಜಾಲಿಮುಳ್ಳು, ಅದಕ್ಕಿಂತ ದುಷ್ಟವಾದ ನೆಗ್ಗಿಲು ಮುಳ್ಳು. ನೆಗ್ಗಿಲಿನ ಕಾಯಿ ಹೇಗೆ ಬಿದ್ದರೂ ಒಂದು ಮುಳ್ಳಾದರೂ ಆಕಾಶ ನೋಡುತ್ತಲೇ ಇರುತ್ತದೆ.

ಆ ಸೈಕಲ್ಲಿನ ಟೈರುಗಳೆರಡೂ ಸವೆದಿದ್ದವು. ಹಿಂದಿನದು ಬಹಳ, ಮುಂದಿನದು ಅಷ್ಟಿಲ್ಲ. ನಾನು ಕೊಂಡು ತಂದದ್ದು ಒಂದೇ ಒಂದು ಹೊಸ ಟೈರು. ಹುಡುಗಿ ಅದನ್ನು ಕೈಯಲ್ಲಿ ಹಿಡಿದುಕೊಂಡು, “ಚಿಕ್ಕಪ್ಪಾ, ಇದನ್ನು ಯಾವ ಗಾಲಿಗೆ ಹಾಕಿಸಲಿ?” ಎಂದು ಕೇಳಿದಳು.

“ಹಿಂದಿನದಕ್ಕೆ” ಎಂದೆ, ಒಂದು ಕ್ಷಣವೂ ಯೋಚಿಸದೆ. ಇದರಲ್ಲಿ ಯೋಚಿಸುವುದೇನಿದೆ? ಸವಾರನ ಭಾರದಲ್ಲಿ ಐದಕ್ಕೆ ಮೂರು ಪಾಲು ಹೊರುವುದು ಹಿಂದಿನ ಗಾಲಿ. ಚೈನಿನ ಎಳೆತವನ್ನು ನೆಲಕ್ಕೆ ಮುಟ್ಟಿಸುವುದು ಹಿಂದಿನ ಗಾಲಿ. ಸವೆಯುವುದೂ ಅದೇ. ದುಡಿಯುವವನಿಗೆ ಒಳ್ಳೆಯ ಜೋಡು ಕೊಡಬೇಕಾದದ್ದು ನ್ಯಾಯವಲ್ಲವೆ? ಹೀಗೆ ಸಣ್ಣದೊಂದು ಉಪನ್ಯಾಸವನ್ನೂ ಮಾಡಿದೆ.

ಕಡಲೆಕಾಯಿ ಬಿಡಿಸುತ್ತ ಕೂತಿದ್ದ ಅಣ್ಣ ತಲೆಯೆತ್ತದೆಯೇ, “ಮುಂದಕ್ಕೆ ಹಾಕ್ಸು. ಮುಂದಿರೋದನ್ನ ಹಿಂದಕ್ಕೆ ಹಾಕ್ಸು” ಎಂದ. ನಾನು ಯಾಕೆಂದು ಕೇಳಿದೆ. “ಸೈಕಲ್ ಮಾಮ ಹೇಳ್ತಿರಲಿಲ್ವೇನೋ?” ಎಂದ.

ನೆನಪಾಯಿತು. ನಾವು ಚಿಕ್ಕವರಾಗಿದ್ದಾಗ ಊರಿನ ಪಂಚರ್ ಅಂಗಡಿಯವರನ್ನು ಹುಡುಗರೆಲ್ಲ ಸೈಕಲ್ ಮಾಮ ಎಂದೇ ಕರೆಯುತ್ತಿದ್ದೆವು. ಅವರದೊಂದು ಸೂತ್ರವಿತ್ತು: “ಹಿಂದಿನದು ಜಾರಿದರೆ ಎದೆ ಝಲ್ಲೆನ್ನುತ್ತದೆ, ಮುಂದಿನದು ಜಾರಿದರೆ ಹಲ್ಲು ಹೋಗುತ್ತದೆ.”

ಸೂತ್ರ ನೂರಕ್ಕೆ ನೂರು ಸರಿ. ಹಿಂದಿನ ಗಾಲಿ ಜಾರಿದಾಗ ಸೈಕಲ್ಲು ಬಾಲ ಅಲ್ಲಾಡಿಸುತ್ತದೆ; ಹ್ಯಾಂಡಲನ್ನು ಒಂದಿಷ್ಟು ತಿರುಗಿಸಿ, ಮೈ ಸರಿಮಾಡಿಕೊಂಡು ಬದುಕಿಕೊಳ್ಳಬಹುದು. ಮುಂದಿನದು ಜಾರಿತೋ, ತಿದ್ದಿಕೊಳ್ಳುವುದಕ್ಕೆ ಬೇಕಾದ ಗಾಲಿಯೇ ಹೋದಂತಾಯಿತು. ಅಲ್ಲದೆ ಬ್ರೇಕು ಒತ್ತಿದಾಗ ಸವಾರನ ಭಾರವೆಲ್ಲ ಮುಂದಕ್ಕೆ ವಾಲುತ್ತದೆ. ಹಿಂದಿನ ಗಾಲಿ ಹಗುರಾಗಿಬಿಡುತ್ತದೆ. ನಿಲ್ಲಿಸುವ ಹೊಣೆ ಬಹುಪಾಲು ಮುಂದಿನದರದೇ. ಬೆಟ್ಟದ ಸೈಕಲ್ಲಿನವರೂ ಬಹುಮಟ್ಟಿಗೆ ಇದೇ ಮಾರ್ಗ ಹಿಡಿಯುತ್ತಾರೆ. ಮುಂದಕ್ಕೆ ಅಗಲವಾದ, ಮೆತ್ತನೆಯ ರಬ್ಬರಿನ, ಅಂಚಿನಲ್ಲಿ ಎತ್ತರದ ಗುಬುಟುಗಳುಳ್ಳ ಟೈರು. ಹಿಂದಕ್ಕೆ ಸ್ವಲ್ಪ ಕಿರಿದಾದ, ಗಟ್ಟಿಯಾದ, ಸಲೀಸಾಗಿ ಉರುಳುವ ಟೈರು. ಮುಂದಿನದು ೨.೪ ಅಂಗುಲವಾದರೆ ಹಿಂದಿನದು ೨.೨೫ ಇರಬಹುದು. ಮುಂದಿನದಕ್ಕೆ ಹಿಡಿತ, ಹಿಂದಿನದಕ್ಕೆ ತಾಳಿಕೆ.

ಈ ವಿಭಾಗ ಸೈಕಲ್ಲಿನೊಂದಿಗೇ ಹುಟ್ಟಿದ್ದಲ್ಲ. ೧೮೭೦ರ ದಶಕದ ಎತ್ತರದ ಸೈಕಲ್ಲಿನಲ್ಲಿ ಪೆಡಲು ಇದ್ದದ್ದು ಮುಂದಿನ ದೊಡ್ಡ ಗಾಲಿಗೇ. ದಾರಿ ಹಿಡಿಯುವುದೂ ಅದೇ, ದುಡಿಯುವುದೂ ಅದೇ. ೧೮೮೫ರಲ್ಲಿ ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿ ಎಂಬಾತ ‘ರೋವರ್’ ಸೈಕಲ್ಲನ್ನು ತಂದ. ಸಮನಾದಂಥ ಎರಡು ಗಾಲಿ, ಹಿಂದಕ್ಕೆ ಚೈನು. ಆ ಮಾದರಿ ಗೆದ್ದು ನಿಂತಾಗ ದುಡಿಮೆ ಹಿಂದಕ್ಕೆ ಹೋಯಿತು, ದಾರಿ ಹಿಡಿಯುವುದು ಮುಂದಕ್ಕೆ ಉಳಿಯಿತು. ಸವಾರಿ ಸುರಕ್ಷಿತವಾಯಿತು; ಅದೇ ದಿನದಿಂದ ಒಳ್ಳೆಯ ಟೈರು ಯಾರಿಗೆ ಸಲ್ಲಬೇಕೆಂಬ ಪ್ರಶ್ನೆಯೂ ಹುಟ್ಟಿತು.

ಯಂತ್ರಶಾಸ್ತ್ರದ ಮಟ್ಟಿಗೆ ನಾನು ಸೋತೆ, ಒಪ್ಪಿಕೊಂಡೆ. ಆದರೆ ಅಣ್ಣನ ಮಾತು ಮನಸ್ಸಿನಲ್ಲಿ ನೆಗ್ಗಿಲು ಮುಳ್ಳಿನಂತೆ ನಿಂತುಬಿಟ್ಟಿತು. ಯಾಕೆಂದರೆ ನಮ್ಮ ಮನೆಯಲ್ಲಿ ಒಂದು ಕಾಲಕ್ಕೆ ಒಂದೇ ಹೊಸ ಟೈರಿತ್ತು, ಗಾಲಿಗಳು ಎರಡಿದ್ದವು.

ಅಣ್ಣ ಎಸ್.ಎಸ್.ಎಲ್.ಸಿ. ಪಾಸು ಮಾಡಿದ ವರ್ಷ ನಮ್ಮ ತಂದೆಯವರು, “ಇಬ್ಬರನ್ನೂ ಓದಿಸಲಾರೆ. ಚಿಕ್ಕವನು ಚುರುಕಾಗಿದ್ದಾನೆ, ಅವನು ಮುಂದೆ ಹೋದರೆ ಮನೆಯೇ ಮುಂದೆ ಹೋಗುತ್ತದೆ” ಎಂದರು. ಅಣ್ಣ ಹೊಲಕ್ಕೆ ನಡೆದ. ನಾನು ಚಿತ್ರದುರ್ಗದ ಕಾಲೇಜಿಗೆ, ಅಲ್ಲಿಂದ ಮೈಸೂರಿನ ಮಾನಸಗಂಗೋತ್ರಿಗೆ ಹೋದೆ. ೨೦೦೧ರಿಂದ ಮೂರು ವರ್ಷ ನಾಡಿಗೆ ಬರ ಬಡಿಯಿತಲ್ಲ, ಆಗ ನಾನು ಎಂ.ಎ. ವಿದ್ಯಾರ್ಥಿ. ಹಾಸ್ಟೆಲಿನ ಹಣ ತಪ್ಪದೆ ಬರುತ್ತಿತ್ತು. ಅದು ಕುರಿಗಳನ್ನು ಮಾರಿದ ಹಣವೆಂಬುದು ರಜಕ್ಕೆ ಬಂದು ಖಾಲಿ ರೊಪ್ಪವನ್ನು ನೋಡಿದಾಗ ತಿಳಿಯಿತು. ಅಣ್ಣ ಆ ಮಾತನ್ನೇ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ತಂದೆಯವರ ತರ್ಕವೂ ಸೈಕಲ್ ಮಾಮನ ತರ್ಕವೂ ಒಂದೇ. ಮುಂದಿರುವವನು ಎಡವಿದರೆ ಎಲ್ಲರೂ ಬೀಳುತ್ತಾರೆ. ಆದ್ದರಿಂದ ಇದ್ದುದರಲ್ಲಿ ಉತ್ತಮವಾದದ್ದನ್ನು ಅವನಿಗೆ ಕೊಡಿ. ಎಷ್ಟು ಹಳೆಯ ತರ್ಕ ಇದು! ಅರಮನೆಗಳು ಎದ್ದದ್ದು ಇದರ ಮೇಲೆ. ಮುಂದಾಳುಗಳ ಮೋಟಾರಿಗೆ ದಾರಿ ಬಿಡಿಸುವುದು ಇದರ ಮೇಲೆ. ಹೊರುವವನು ಹೊರುತ್ತಲೇ ಇರಲಿ, ಅವನು ಸ್ವಲ್ಪ ಜಾರಿದರೂ ತಿದ್ದಿಕೊಳ್ಳಬಹುದು ಎಂಬುದು ಇದರ ಬಾಲ. ತರ್ಕ ಸುಳ್ಳಲ್ಲ, ಅದೇ ಅದರ ಅಪಾಯ. ಸುಳ್ಳಾಗಿದ್ದರೆ ತಳ್ಳಿಹಾಕಬಹುದಿತ್ತು. ನಿಜವಾದ ತರ್ಕಕ್ಕೆ ಷರತ್ತುಗಳಿರುತ್ತವೆ. ಲಾಭ ಪಡೆದವರು ಮರೆಯುವುದು ಷರತ್ತುಗಳನ್ನು.

ಮೊದಲನೆಯ ಷರತ್ತು: ಎರಡು ಗಾಲಿಗಳೂ ಒಂದೇ ಚೌಕಟ್ಟಿನಲ್ಲಿರಬೇಕು. ಮುಂದಿನದಕ್ಕೆ ಒಳ್ಳೆಯ ಟೈರು ಕೊಡುವುದು ಅದರ ಹೆಚ್ಚುಗಾರಿಕೆಗಾಗಿ ಅಲ್ಲ, ಹಿಂದಿನದೂ ಬೀಳದಿರಲೆಂದು. ಒಳ್ಳೆಯ ಟೈರು ಹಾಕಿಸಿಕೊಂಡ ಗಾಲಿ ಕಳಚಿಕೊಂಡು ತಾನೊಂದೇ ಊರಾಚೆಗೆ ಉರುಳಿಹೋದರೆ ಅದನ್ನು ಕಳ್ಳತನವೆನ್ನದೆ ಬೇರೆ ವಿಧಿಯಿಲ್ಲ. ೨೦೨೨ರಲ್ಲಿ ಮಾರಿಕಣಿವೆಯ ವಾಣಿವಿಲಾಸಸಾಗರ ಕೋಡಿಬಿತ್ತು. ೧೯೩೩ರ ನಂತರ ಅದೇ ಮೊದಲು, ಎಂಬತ್ತೊಂಬತ್ತು ವರ್ಷದ ಮೇಲೆ. ನಾನೂ ಕಾಲೇಜಿನ ಮಿತ್ರರೊಡನೆ ಹೋಗಿ ಆ ವೈಭವವನ್ನು ಕಣ್ಣುತುಂಬ ನೋಡಿ ಬಂದೆ. ಅದೇ ಮಳೆಗೆ ಅಣ್ಣನ ಈರುಳ್ಳಿ ಹೊಲದಲ್ಲಿಯೇ ಕೊಳೆತಿತ್ತು. ಹಿಂತಿರುಗುವಾಗ ಐಮಂಗಲದ ಮೇಲೆಯೇ ಬಂದೆ, ಕಾರು ನಿಲ್ಲಿಸಲಿಲ್ಲ.

ಎರಡನೆಯದು: ಬ್ರೇಕು ಒತ್ತಿದ ಗಳಿಗೆಯಲ್ಲಿ ಭಾರವನ್ನು ಮುಂದಿನದೇ ಹೊರಬೇಕು. ಮುಂದಿನವನಿಗೆ ಒಳ್ಳೆಯ ಹಿಡಿತ ಕೊಟ್ಟಿರುವುದು ಆ ಗಳಿಗೆಗಾಗಿಯೇ. ಕಷ್ಟದ ದಿನ ಬಂದಾಗ ಹಿಂದಿನವನ ಹೊರೆ ಇಳಿಯಬೇಕು. ನಮ್ಮ ಮನೆಯಲ್ಲಿ ನಡೆದದ್ದು ಇದಕ್ಕೆ ವಿರುದ್ಧ.

ಮೂರನೆಯದು ಅಣ್ಣನೇ ಹೇಳಿದ್ದು: ಮುಂದಿನದು ಕಾಲ ಬಂದಾಗ ಹಿಂದಕ್ಕೆ ಹೋಗಬೇಕು. ಹೊಸದು ಮುಂದಕ್ಕೆ, ಮುಂದಿದ್ದದ್ದು ಹಿಂದಕ್ಕೆ, ಹಿಂದಿದ್ದದ್ದು ಮಕ್ಕಳ ಕೋಲಿಗೆ. ಟೈರಿಗೂ ಒಂದು ಆಶ್ರಮಧರ್ಮ! ಮುಂದೆ ಇರುವುದು ಪಟ್ಟವಲ್ಲ, ಪಾಳಿ.

ಆದರೆ ಉಪಮಾನವನ್ನು ತೀರ ಎಳೆದರೆ ಅದೂ ಪಂಚರಾಗುತ್ತದೆ. ರಬ್ಬರಿಗೆ ಆಸೆಯಿಲ್ಲ, ಹೊಟ್ಟೆಕಿಚ್ಚಿಲ್ಲ. ಹಿಂದಿನ ಟೈರನ್ನು “ನಿನಗೂ ಮುಂದಿರಬೇಕೆನ್ನಿಸಿತ್ತೆ?” ಎಂದು ಕೇಳಬೇಕಾಗಿಲ್ಲ. ಅಣ್ಣನನ್ನು ಕೇಳಬೇಕಾಗಿತ್ತು. ಅವನಿಗೆ ಲೆಕ್ಕ ನನಗಿಂತ ಚೆನ್ನಾಗಿ ಬರುತ್ತಿತ್ತು. ಮನುಷ್ಯರಲ್ಲಿ ಯಾರೂ ಹುಟ್ಟುವಾಗಲೇ ಹಿಂದಿನ ಗಾಲಿಯಾಗಿ ಹುಟ್ಟುವುದಿಲ್ಲ. ಎಲ್ಲಿ ಹಾಕುತ್ತೇವೆಯೋ ಅಲ್ಲಿ ಸವೆಯುತ್ತಾರೆ. ಸವೆದ ಮೇಲೆ ಅದನ್ನೇ ತೋರಿಸಿ, ಇವನು ಹಿಂದಕ್ಕೇ ತಕ್ಕವನು ಎನ್ನುವುದು ಲೋಕದ ವಾಡಿಕೆ.

ಇರಲಿ. ಹೊಸ ಟೈರು ಮುಂದಿನ ಗಾಲಿಗೆ ಏರಿತು. ಮುಂದಿನದು ಹಿಂದಕ್ಕೆ ಹೋಯಿತು. ತೀರ ಸವೆದದ್ದನ್ನು ಪಕ್ಕದ ಮನೆಯ ಹುಡುಗ ಕೋಲಿನಿಂದ ಹೊಡೆಯುತ್ತ ಓಡಿದ. ಬರುವ ವರ್ಷದಿಂದ ಹುಡುಗಿಯ ಓದಿನ ಖರ್ಚು ನನ್ನದು ಎಂದು ನಾನು ಸ್ವಲ್ಪ ಗಂಭೀರವಾಗಿಯೇ ಅಣ್ಣನಿಗೆ ತಿಳಿಸಿದೆ. ಅವನು ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಇಪ್ಪತ್ತು ಚಿಲ್ಲರೆ ವರ್ಷದ ಸಾಲಕ್ಕೆ ಮೊದಲ ಕಂತು ಕಟ್ಟಿದವನನ್ನು ಯಾರು ತಾನೆ ಹೊಗಳುತ್ತಾರೆ?

ನಾನು ಪಂಪು ತೆಗೆದುಕೊಂಡು ಗಾಳಿ ತುಂಬಲು ಕೂತೆ. ಎರಡಕ್ಕೂ ಸಮನಾಗಿ ತುಂಬಿ ಎದ್ದುದನ್ನು ಕಂಡು ಅಣ್ಣ ಹತ್ತಿರ ಬಂದ. ಮುಂದಿನ ಟೈರನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ ಒಂದಿಷ್ಟು ಗಾಳಿ ಬಿಟ್ಟ. ಆಮೇಲೆ ಹಿಂದಿನದನ್ನು ಒತ್ತಿ, “ಇದಕ್ಕೆ ಇನ್ನೂ ಬೇಕು. ಭಾರ ಹೊರೋದು ಇದು. ಟೈರು ಹಳೇದಾದ್ರೂ ಗಾಳಿ ಜಾಸ್ತಿ ಕೊಡ್ಬೇಕು” ಎಂದ.

ಒಳ್ಳೆಯ ಟೈರು ಯಾರಿಗೆ ಎಂದು ಅಷ್ಟು ಹೊತ್ತು ತಲೆ ಕೆಡಿಸಿಕೊಂಡಿದ್ದ ನನಗೆ, ಗಾಳಿ ಯಾರಿಗೆ ಎಂಬ ಪ್ರಶ್ನೆ ಹೊಳೆದೇ ಇರಲಿಲ್ಲ. ಮತ್ತೆ ಕೂತು ಹಿಂದಿನ ಗಾಲಿಗೆ ಪಂಪು ಹಾಕಿದೆ. ಕೈ ಸೋತಿತು. ಅಣ್ಣ, “ಕೊಡು ಇಲ್ಲಿ” ಎಂದು ಕೈ ಚಾಚಿದ. ನಾನು ಕೊಡಲಿಲ್ಲ.