ಪರದೇಶದ ಉಯ್ಯಾಲೆ

ದಾನ ಮಾಡುವವನಿಗೆ ನಮ್ಮ ಹಿಂದಿನವರು ದೇಶ, ಕಾಲ, ಪಾತ್ರಗಳ ವಿವೇಕವಿರಬೇಕೆಂದು ವಿಧಿಸಿದ್ದರು. ಗೀತೆಯ 17ನೆಯ ಅಧ್ಯಾಯ ಇನ್ನೊಂದು ಮಾತನ್ನೂ ಸೇರಿಸುತ್ತದೆ: ಪ್ರತ್ಯುಪಕಾರ ಮಾಡಲಾರದವನಿಗೆ ಕೊಟ್ಟದ್ದೇ ಸಾತ್ತ್ವಿಕ ದಾನ. ಧನ, ಧಾನ್ಯ, ಗೋವುಗಳ ಮಟ್ಟಿಗೆ ಈ ಲೆಕ್ಕ ಸರಿಯಾಗಿಯೇ ಇದೆ. ಆದರೆ ಒಬ್ಬನು ತನ್ನ ಮೈಯ ದುಡಿಮೆಯನ್ನೇ ದಾನವಾಗಿ ಹೊತ್ತು ಸಮುದ್ರ ದಾಟಿ ಹೋದರೆ? ಯಾವುದೋ ದೂರದ ಹಳ್ಳಿಯ ಶಾಲೆಯಂಗಳದಲ್ಲಿ ಎರಡು ವಾರ ಬೆವರು ಸುರಿಸಿ, ಉಯ್ಯಾಲೆ ಜಾರುಬಂಡೆಗಳನ್ನು ನಿಲ್ಲಿಸಿ, ಮಕ್ಕಳ ನಡುವೆ ನಿಂತು ಫೋಟೊ ತೆಗೆಸಿಕೊಂಡು ಮರಳಿದರೆ? ಅಲ್ಲಿ ಕೊಟ್ಟವರು ಯಾರು, ಪಡೆದವರು ಯಾರು?

ನಾನು ಕುಹಕಕ್ಕಾಗಿ ಕೇಳುತ್ತಿಲ್ಲ. ಈ ಬಗೆಯ ಸೇವೆಯ ಮೂಲ ಉದಾತ್ತವಾದದ್ದು. 1920ರಲ್ಲಿ ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಪಿಯೆರ್ ಸೆರೆಸೋಲ್ ಒಂದು ಚಿಕ್ಕ ತಂಡ ಕಟ್ಟಿಕೊಂಡು, ಮಹಾಯುದ್ಧದಲ್ಲಿ ಹಾಳಾಗಿದ್ದ ಫ್ರಾನ್ಸಿನ ವೆರ್ಡನ್ ಬಳಿಯ ಹಳ್ಳಿಯೊಂದಕ್ಕೆ ಹೋದ. ತಂಡದಲ್ಲಿ ಜರ್ಮನರೂ ಇದ್ದರು. ನಿನ್ನೆ ಫಿರಂಗಿ ಹಾರಿಸಿದ ನಾಡಿನ ಕೈ ಇಂದು ಮನೆಯ ಗೋಡೆ ಎತ್ತುವುದೆಂದರೆ ಅದರ ಅರ್ಥವೇ ಬೇರೆ. ಊರಿನ ಬಡಗಿ ಅದೇ ಗೋಡೆಯನ್ನು ಇನ್ನೂ ಚೆನ್ನಾಗಿ ಎತ್ತಿಯಾನು, ಆದರೆ ಶತ್ರುವಿನ ಕೈ ಅವನದಾಗಲಾರದು. ಅಲ್ಲಿ ಪರಕೀಯತೆಯೇ ದಾನವಾಗಿತ್ತು. ಆದರೂ ಆ ಕೆಲಸ ಕೆಲವು ತಿಂಗಳಲ್ಲೇ ನಿಂತುಹೋಯಿತು. ಇದೇ ಸೆರೆಸೋಲ್ 1934ರ ಬಿಹಾರದ ಭೂಕಂಪದ ಬಳಿಕ ನಮ್ಮ ದೇಶಕ್ಕೂ ಬಂದ. ಒಮ್ಮೆ ಬಂದು ಹೋಗಿ ಮುಗಿಸಲಿಲ್ಲ, ಮತ್ತೆ ಮತ್ತೆ ಬಂದು ಉತ್ತರ ಬಿಹಾರದ ಹಳ್ಳಿಗಳನ್ನು ಹೊಸದಾಗಿ ಕಟ್ಟುವುದರಲ್ಲಿ ದುಡಿದ.

ಅಲ್ಲಿಂದ ಇತ್ತ ಬಂದರೆ ಇನ್ನೊಂದು ಚಿತ್ರ ಕಾಣುತ್ತದೆ. ದಕ್ಷಿಣ ಆಫ್ರಿಕದಲ್ಲಿ ಹುಟ್ಟಿದ ‘ಪ್ಲೇಪಂಪ್’ ಎಂಬ ಸಾಧನದ ಕಥೆ ನನಗೆ ನೀತಿಶಾಸ್ತ್ರದ ಗ್ರಂಥಗಳಿಗಿಂತ ಹೆಚ್ಚು ಕಲಿಸಿತು. ಮಕ್ಕಳು ಹತ್ತಿ ಕುಳಿತು ಗಿರಗಿರನೆ ತಿರುಗಿಸುವ ಚಕ್ರ. ಅದು ತಿರುಗಿದಂತೆ ನೆಲದೊಳಗಿನ ನೀರು ಮೇಲಿನ ತೊಟ್ಟಿಗೆ ಏರಬೇಕು. ಆಟಕ್ಕೆ ಆಟ, ನೀರಿಗೆ ನೀರು! ಯಾರು ತಾನೆ ಮೆಚ್ಚುವುದಿಲ್ಲ? 2006ರಲ್ಲಿ ಅಮೆರಿಕದಲ್ಲಿ ಇದಕ್ಕಾಗಿ 1 ಕೋಟಿ 64 ಲಕ್ಷ ಡಾಲರುಗಳ ನೆರವು ಘೋಷಿತವಾಯಿತು; 2010ರೊಳಗೆ ಆಫ್ರಿಕದ 10 ದೇಶಗಳಲ್ಲಿ 4,000 ಪಂಪುಗಳನ್ನು ನೆಡುವ ಸಂಕಲ್ಪವಾಯಿತು. ಆದರೆ ಮಕ್ಕಳು ಆಡುವುದು ಮನಸ್ಸು ಬಂದಾಗ. ಮನೆಗೆ ನೀರು ಬೇಕಾಗುವುದು ಪ್ರತಿದಿನ. ಮಕ್ಕಳಿಲ್ಲದ ಹೊತ್ತಿನಲ್ಲಿ ಹೆಂಗಸರೇ ಬಾಗಿ ಆ ಭಾರದ ಚಕ್ರವನ್ನು ದೂಡಬೇಕಾಯಿತು. ಗುರಿಯಷ್ಟು ನೀರು ಬರಬೇಕಾದರೆ ಮಕ್ಕಳು ದಿನಕ್ಕೆ 27 ಗಂಟೆ ಆಡಬೇಕಾದೀತೆಂದು ಬ್ರಿಟನ್ನಿನ ಗಾರ್ಡಿಯನ್ ಪತ್ರಿಕೆ 2009ರಲ್ಲಿ ಲೆಕ್ಕ ಹಾಕಿ ತೋರಿಸಿತು. ಆಟವೆಂದರೆ ಪ್ರಯೋಜನವನ್ನು ಮರೆತ ಚಟುವಟಿಕೆ. ಅದಕ್ಕೆ ನೊಗ ಕಟ್ಟಿದೊಡನೆ ಅದು ಗಾಣವಾಗುತ್ತದೆ. ಇಷ್ಟು ಸರಳವಾದದ್ದು ಅಷ್ಟು ಜನ ಸಜ್ಜನರಿಗೆ ಹೊಳೆಯದೆ ಹೋದದ್ದೇಕೆ? ಕೊಡುವವನ ಸಂತೋಷವೇ ಅವನ ಕಣ್ಣಿಗೆ ಅಡ್ಡ ಬಂದಿರಬೇಕೆಂದು ನನ್ನ ಊಹೆ.

ಇವಾನ್ ಇಲಿಚ್ 1968ರಲ್ಲಿ ಮೆಕ್ಸಿಕೋದ ಕ್ವೆರ್ನವಾಕದಲ್ಲಿ, ಸೇವೆಗೆಂದು ಬರುತ್ತಿದ್ದ ಅಮೆರಿಕದ ವಿದ್ಯಾರ್ಥಿಗಳ ಮುಖಕ್ಕೇ ಹೇಳಿದ ಮಾತಿನ ಸಾರವೆಂದರೆ: ನೋಡಲು ಬನ್ನಿ, ಕಲಿಯಲು ಬನ್ನಿ, ಉದ್ಧಾರ ಮಾಡಲು ಮಾತ್ರ ಬರಬೇಡಿ. ಧೀರವಾದ ಮಾತು. ಆದರೆ ನಾನು ಪೂರ್ತಿ ಒಪ್ಪಲಾರೆ. ಬರಿದೇ ನೋಡಿ ಹೋಗುವವನೂ ಏನನ್ನೋ ಎತ್ತಿಕೊಂಡೇ ಹೋಗುತ್ತಾನೆ, ಅಷ್ಟರಮಟ್ಟಿಗೆ ಅವನೂ ಸಾಲಗಾರನೇ. ಇನ್ನು, ಎಲ್ಲ ಶುದ್ಧವಾಗುವ ತನಕ ಯಾರೂ ಕೈ ನೀಡಬಾರದೆಂದರೆ ಬೆಚ್ಚಗೆ ಮನೆಯಲ್ಲಿ ಕುಳಿತ ನಮ್ಮಂಥವರಿಗೆ ಅದಕ್ಕಿಂತ ಅನುಕೂಲವಾದ ಸಿದ್ಧಾಂತ ಬೇರೊಂದಿಲ್ಲ. ಉಯ್ಯಾಲೆಯ ಮೇಲೆ ಕುಳಿತ ಮಗು ಅದನ್ನು ಕಟ್ಟಿದವನ ಮನಶ್ಶುದ್ಧಿಯನ್ನು ವಿಚಾರಿಸುವುದಿಲ್ಲ.

ವಿಚಾರಿಸುವುದು ಸರಪಣಿ. ಉಯ್ಯಾಲೆ ಮೊದಲು ಸವೆಯುವುದು ತಲೆಯ ಮೇಲೆ, ಕೊಂಡಿ ತೊಲೆಗೆ ಸಿಕ್ಕುವಲ್ಲಿ. ಕೆಳಗೆ ಕುಳಿತವರ ಕಣ್ಣಿಗೆ ಅದು ಬೀಳುವುದಿಲ್ಲ. ಅಡಿಯ ಮರಳು ಕಾಲಿನ ಒದೆತಕ್ಕೆ ಚೆದರಿ ಗಟ್ಟಿ ನೆಲ ಮೇಲೆ ಬರುತ್ತದೆ. ಅದನ್ನು ಮತ್ತೆ ಮತ್ತೆ ತುಂಬುತ್ತಿರಬೇಕು. ಕಂಬದ ಬುಡಕ್ಕೆ ಹಾಕಿದ ಕಾಂಕ್ರೀಟಿನ ಬಲವನ್ನು ಅಳೆಯುವವರು 28 ದಿನ ಕಾಯುತ್ತಾರೆ. ಮೊದಲ ದಿನಗಳಲ್ಲಂತೂ ಅದಕ್ಕೆ ತಪ್ಪದೆ ನೀರುಣಿಸಬೇಕು. ಎರಡು ವಾರದ ಸೇವಕ ವಿಮಾನ ಹತ್ತುವ ಹೊತ್ತಿಗೆ ಅವನ ದಾನ ಇನ್ನೂ ಹಸಿ. ಆಮೇಲಿನ ಹೊಣೆಯೆಲ್ಲ ಸಂಬಳ ಸಾಲದ ಯಾವನೋ ಮೇಷ್ಟರ ತಲೆಗೆ.

ಆಟದ ಸಾಮಾನಾದರೂ ಎಂಥದ್ದಿರಬೇಕು? 1943ರಲ್ಲಿ, ಜರ್ಮನರ ಆಕ್ರಮಣದಲ್ಲಿದ್ದ ಡೆನ್ಮಾರ್ಕಿನ ಎಮ್‌ಡ್ರುಪ್‌ನಲ್ಲಿ ಒಂದು ಬಯಲನ್ನು ಮಕ್ಕಳಿಗೆ ಬಿಟ್ಟುಕೊಟ್ಟರು. ಅಲ್ಲಿ ಜಾರುಬಂಡೆಯಿಲ್ಲ, ತಿರುಗುವ ಚಕ್ರವಿಲ್ಲ. ಹಲಗೆ, ಇಟ್ಟಿಗೆಗಳಂಥ ಹಳೆಯ ಸಾಮಾನು. ಕಟ್ಟುವವರೂ ಕೆಡಹುವವರೂ ಮಕ್ಕಳೇ. 1946ರಲ್ಲಿ ಅದನ್ನು ಕಂಡ ಲೇಡಿ ಅಲೆನ್ ಆ ಕಲ್ಪನೆಯನ್ನು ಇಂಗ್ಲೆಂಡಿಗೆ ಒಯ್ದಳು. ಮಕ್ಕಳಿಗಾಗಿ ನಾವು ಕಟ್ಟುವಾಗ ಕಟ್ಟುವ ಸುಖವನ್ನು ನಾವೇ ಉಂಡುಬಿಡುತ್ತೇವೆಯೋ ಏನೋ!

ಇಷ್ಟೆಲ್ಲ ನನ್ನ ತಲೆಗೆ ಹತ್ತಿದ್ದು ಒಬ್ಬ ಹಳೆಯ ವಿದ್ಯಾರ್ಥಿಯಿಂದ. ಈಗ ಬೆಂಗಳೂರಿನಲ್ಲಿ ಒಳ್ಳೆಯ ಕೆಲಸದಲ್ಲಿರುವ ಹುಡುಗ. ಪೂರ್ವ ಆಫ್ರಿಕದ ಒಂದು ಶಾಲೆಗೆ ಆಟದ ಸಾಮಾನು ಕಟ್ಟಲು ಹೋಗುತ್ತೇನೆ, ಶಿಫಾರಸು ಪತ್ರ ಬರೆದುಕೊಡಿ ಸಾರ್ ಎಂದ. “ಆ ಊರಿನಲ್ಲಿ ಬೆಸುಗೆ ಹಾಕುವವನು ಇಲ್ಲವೇನಪ್ಪಾ?” ಎಂದು ಕೇಳಿದೆ. ಹುಡುಗ ತಬ್ಬಿಬ್ಬಾದ, ಸಿಟ್ಟು ಬಂದಂತೆಯೂ ಕಂಡಿತು. ತಿಂಗಳೊಂದು ಕಳೆದ ಮೇಲೆ ಮತ್ತೆ ಬಂದ. ಶಾಲೆಗೇ ನೇರವಾಗಿ ಕಾಗದ ಬರೆದು ವಿಚಾರಿಸಿದನಂತೆ. ಬೆಸುಗೆಯವನು ಇದ್ದಾನೆ, ಶಾಲೆಯ ಗೇಟು ಮಾಡಿದವನೂ ಅವನೇ. ಕೊಳವೆ, ಸರಪಣಿಗಳಿಗೆ ಹಣವಿಲ್ಲ ಅಷ್ಟೆ. ತಾವು ಬಂದರೆ ಅವನಿಗೆ ಕೊಳವೆ ಹಿಡಿದುಕೊಳ್ಳಲು ಒಬ್ಬರಾದರು ಎಂದು ಅಲ್ಲಿನ ಮುಖ್ಯೋಪಾಧ್ಯಾಯರು ಉತ್ತರಿಸಿದ್ದರು. ತಂಡದವರ ಎರಡು ವಾರದ ಪ್ರವಾಸವನ್ನು ಬಿಟ್ಟು, ತಾನೊಬ್ಬನೇ ಆರು ವಾರ ರಜೆ ಕೇಳಿದ್ದಾನೆ. ರಜೆ ಇನ್ನೂ ಮಂಜೂರಾಗಿಲ್ಲ. ಪತ್ರವನ್ನು ನಾನು ಬರೆದುಕೊಟ್ಟಿದ್ದೇನೆ.