ಪರೀಕ್ಷಿದ್ರಾಜನ ಏಳು ದಿನ, ರೋಗಿಯ ಮೂರು ತಿಂಗಳು

॥ ಶ್ರೀಹರಿವಾಯುಗುರುಭ್ಯೋ ನಮಃ ॥



ಆಶ್ವಯುಜ ಬಹುಳ ತ್ರಯೋದಶಿಯಂದು ಧನ್ವಂತರಿರೂಪಿಯಾದ ಶ್ರೀಹರಿಯನ್ನು ಪೂಜಿಸಿ ನಾವೆಲ್ಲರೂ ಆರೋಗ್ಯವನ್ನು ಬೇಡುತ್ತೇವೆ. ಹಾಗೆ ಬೇಡುವವರಲ್ಲಿ ಒಂದು ವರ್ಗದವರ ಬೇಡಿಕೆ ಉಳಿದವರದಕ್ಕಿಂತ ಬೇರೆ. ಅವರಿಗೆ ಅರ್ಬುದರೋಗವು, ಎಂದರೆ ಕ್ಯಾನ್ಸರ್, ಒಮ್ಮೆ ಬಂದು ಚಿಕಿತ್ಸೆಯಾಗಿದೆ, ಇಲ್ಲವೆ ಇನ್ನೂ ಆಗುತ್ತಿದೆ. ಚಚಡಿ, ಬೈಲಹೊಂಗಲ, ಸವದತ್ತಿಗಳ ಕಡೆಯಿಂದ ಹುಬ್ಬಳ್ಳಿಗೋ ಬೆಳಗಾವಿಗೋ ಹೋಗಿ ಬರುವವರು ಇವರು. ಕೆಲವರು 1941ರಿಂದ ನಡೆದು ಬಂದ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಗೆ, ಕೆಲವರು 1973ರಲ್ಲಿ ಆರಂಭವಾದ ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೆ ಹೋದವರು. ಶಸ್ತ್ರಕ್ರಿಯೆ, ಕಿರಣ, ಔಷಧಗಳೆಲ್ಲ ಮುಗಿದು ವೈದ್ಯರು “ಮೂರು ತಿಂಗಳಿಗೊಮ್ಮೆ ಬಂದು ತೋರಿಸಿರಿ” ಎಂದು ಕಳುಹಿಸಿದ ದಿನದಿಂದ ಇವರಲ್ಲಿ ಅನೇಕರಿಗೆ ಹೊಸದೊಂದು ಭಯ ಮೊದಲಾಗುತ್ತದೆ. ಚಿಕಿತ್ಸೆಯ ಕಾಲದಲ್ಲಿ ಮಾಡಲು ಏನಾದರೂ ಇತ್ತು, ಈಗ ಕಾಯುವುದೊಂದೇ. ಸೊಂಟ ಹಿಡಿದರೂ ಅದೇ ಬಂತೆಂಬ ಶಂಕೆ, ಕೆಮ್ಮು ಬಂದರೂ ಅದೇ ಶಂಕೆ. ಸ್ಕ್ಯಾನಿನ ದಿನ ಸಮೀಪಿಸಿದಂತೆ ಅನ್ನವೂ ಬೇಡ, ನಿದ್ರೆಯೂ ಇಲ್ಲ.

“ಹರಿಯನ್ನು ನಂಬಿದವರಿಗೆ ಭಯವೇಕೆ?” ಎಂದು ಇಂಥವರಿಗೆ ಹೇಳುವವರು ಬಹಳ. ಕೇಳುವವರಿಗೆ ಅದು ರೋಗದ ಮೇಲೆ ಭಕ್ತಿಯ ಕೊರತೆಯೆಂಬ ಇನ್ನೊಂದು ಆರೋಪವಾಗುತ್ತದೆ. ಕೆಲವರಂತೂ ಪೂರ್ವಜನ್ಮದ ಪಾಪವನ್ನೇ ಎತ್ತುತ್ತಾರೆ. ಪ್ರಾರಬ್ಧವೆಂಬುದುಂಟು, ಸಿದ್ಧಾಂತದಲ್ಲಿ ಸಂಶಯವಿಲ್ಲ. ಆದರೆ ಯಾರ ಯಾವ ಕರ್ಮವು ಯಾವ ರೂಪದಲ್ಲಿ ಫಲಿಸಿತೆಂಬುದನ್ನು ಸರ್ವಜ್ಞನಾದ ಶ್ರೀಹರಿ ಬಲ್ಲನೇ ಹೊರತು ನೆರೆಮನೆಯವರು ಬಲ್ಲವರಲ್ಲ.

ಇರಲಿ. ಈ ಭಯದ ವಿಷಯದಲ್ಲಿ ನೆನೆಯತಕ್ಕವನು ಪರೀಕ್ಷಿದ್ರಾಜ. ಅವನಿಗೆ ಮೃತ್ಯು ಎದುರಾದದ್ದು ಒಮ್ಮೆಯಲ್ಲ. ತಾಯಿಯಾದ ಉತ್ತರೆಯ ಗರ್ಭದಲ್ಲಿದ್ದಾಗಲೇ ಅಶ್ವತ್ಥಾಮನ ಬ್ರಹ್ಮಾಸ್ತ್ರವು ಅವನನ್ನು ಸುಡಲು ಬಂತು, ಶ್ರೀಕೃಷ್ಣನು ಕಾಪಾಡಿದನು. ಗರ್ಭದಲ್ಲಿ ತಾನು ಕಂಡ ಆ ಪುರುಷನು ಇವನೇ ಇರಬಹುದೇ ಎಂದು ಕಂಡ ಕಂಡ ಮನುಷ್ಯರನ್ನೆಲ್ಲ ಪರೀಕ್ಷಿಸುತ್ತಿದ್ದನಾದ್ದರಿಂದ ಅವನಿಗೆ ಆ ಹೆಸರು ಬಂತೆಂದು ಭಾಗವತದಲ್ಲಿದೆ. ಹೀಗೆ ಒಮ್ಮೆ ಉಳಿದವನಿಗೆ, ಎಷ್ಟೋ ವರ್ಷಗಳ ಮೇಲೆ, ಶಮೀಕ ಋಷಿಯ ಮಗನ ಶಾಪದಿಂದ ಮತ್ತೆ ಮೃತ್ಯುವಿನ ಸುದ್ದಿ ಬಂತು: ಏಳನೆಯ ದಿನ ತಕ್ಷಕನು ಕಚ್ಚುವನು.

ಆಗ ಅವನು ಮಾಡಿದ್ದೇನು? ಮಹಾಭಾರತದ ಆದಿಪರ್ವದಲ್ಲಿ ಅವನು ಒಂದೇ ಕಂಬದ ಮೇಲೆ ಮಹಲನ್ನು ಕಟ್ಟಿಸಿ, ವೈದ್ಯರನ್ನೂ ಔಷಧಗಳನ್ನೂ ಮಂತ್ರಸಿದ್ಧರನ್ನೂ ಸುತ್ತ ಇರಿಸಿಕೊಂಡನು. ಭಾಗವತದಲ್ಲಿ ರಾಜ್ಯವನ್ನು ಬಿಟ್ಟು ಗಂಗಾತೀರದಲ್ಲಿ ಕುಳಿತು ಶುಕಾಚಾರ್ಯರಿಂದ ಹರಿಕಥೆಯನ್ನು ಕೇಳಿದನು. ಒಂದನ್ನು ಮಾಡಿದವನಿಗೆ ಇನ್ನೊಂದು ನಿಷಿದ್ಧವೆಂದು ಯಾರೂ ತಿಳಿಯಬಾರದು. ವೈದ್ಯರನ್ನು ಕರೆದದ್ದಕ್ಕೆ ಅವನನ್ನು ಯಾವ ಋಷಿಯೂ ನಿಂದಿಸಲಿಲ್ಲ. ಔಷಧದಲ್ಲಿ ಶಕ್ತಿಯನ್ನಿಟ್ಟವನೂ ಧನ್ವಂತರಿಯೇ ಆದ್ದರಿಂದ, ಆಸ್ಪತ್ರೆಯ ಚೀಟಿಯನ್ನು ಬಿಟ್ಟು ಹರಕೆಯನ್ನು ಮಾತ್ರ ಹಿಡಿಯುವುದು ಭಕ್ತಿಯೆನಿಸದು.

ಆದರೆ ಆದಿಪರ್ವದ ಕಥೆಯ ಕೊನೆಯನ್ನು ಗಮನಿಸಬೇಕು. ಅಷ್ಟೆಲ್ಲ ಕಾವಲಿದ್ದರೂ ತಕ್ಷಕನು ಹಣ್ಣಿನೊಳಗಿನ ಸಣ್ಣ ಹುಳುವಾಗಿ ಒಳಗೆ ಬಂದನು. ನಮ್ಮ ರೋಗಿಗಳು ಆ ಹುಳುವಿಗೆ ಹೆದರಿ ಪ್ರತಿಯೊಂದು ಹಣ್ಣನ್ನೂ ಶಂಕಿಸುತ್ತಾರೆ. ಮಗಳ ಮದುವೆಯ ಮಾತು ಬಂದರೆ “ಅಷ್ಟರಲ್ಲಿ ನಾನಿರುವೆನೋ” ಎನ್ನುತ್ತಾರೆ, ಪಂಢರಪುರಕ್ಕೆ ಹೋಗೋಣವೆಂದರೆ “ಮೊದಲು ವರದಿ ಬರಲಿ” ಎನ್ನುತ್ತಾರೆ. ಹುಳು ಬಂದರೂ ಬಾರದಿದ್ದರೂ ಹಣ್ಣುಗಳೆಲ್ಲ ಹಾಗೆಯೇ ಒಣಗಿ ಹೋಗುತ್ತವೆ. ಗಂಗಾತೀರದಲ್ಲಿ ಕುಳಿತವನಿಗೂ ತಕ್ಷಕನು ಬರುವುದು ತಪ್ಪಲಿಲ್ಲ. ಬದಲಾದದ್ದು ನಡುವಿನ ಏಳು ದಿನ. ಗರ್ಭದಲ್ಲಿ ಪ್ರಾಣವನ್ನುಳಿಸಿದ ಹರಿಯೇ ಎರಡನೆಯ ಸಲ ಬೇರೊಂದನ್ನು ಕೊಟ್ಟನು. ಮೊದಲ ಸಲದಂತೆಯೇ ಎರಡನೆಯ ಸಲವೂ ಕೊಡಬೇಕೆಂದು ಸ್ವತಂತ್ರನಾದವನಿಗೆ ಅಪ್ಪಣೆ ಮಾಡಲು ಪರತಂತ್ರರಾದ ನಾವು ಯಾರು? ಕಠಿನವಾದ ಮಾತಿದು, ಆದರೂ ರೋಗಿಗೆ ಸುಳ್ಳು ಭರವಸೆ ಕೊಡುವುದಕ್ಕಿಂತ ಮೇಲು.

ಪರೀಕ್ಷಿತನಿಗೆ ದಿನ ಗೊತ್ತಿತ್ತು, ರೋಗಿಗೆ ಗೊತ್ತಿಲ್ಲ. ಇನ್ನೊಂದು ದೊಡ್ಡ ಭೇದವೆಂದರೆ ರೋಗಿಗೆ ಯಾರ ಶಾಪವೂ ಇಲ್ಲ. ಅನೇಕ ಬಗೆಯ ಅರ್ಬುದಗಳು ಮರಳುವ ಸಂಭವವು ಮೊದಲ ಕೆಲವು ವರ್ಷಗಳಲ್ಲಿ ಹೆಚ್ಚು, ಕಾಲ ಕಳೆದಂತೆ ಕಡಿಮೆ. ಆದ್ದರಿಂದಲೇ ಮೊದಲು ಮೂರು ತಿಂಗಳಿಗೊಮ್ಮೆ ಕರೆದವರು ಆಮೇಲೆ ಆರು ತಿಂಗಳಿಗೆ, ಅನಂತರ ವರ್ಷಕ್ಕೊಮ್ಮೆ ಕರೆಯುವುದುಂಟು. ನಮ್ಮ ಎರೆಯ ಹೊಲದಲ್ಲಿ ಕರಿಕೆಯನ್ನು ಕಿತ್ತ ಒಕ್ಕಲಿಗನು ಮಳೆಯಾದ ಮೇಲೆ ಮತ್ತೆ ಹೊಲವನ್ನು ಸುತ್ತಿ ಬರುತ್ತಾನೆ. ಚಿಗುರಿದ್ದರೆ ಬೇರು ಇಳಿಯುವ ಮೊದಲೇ ಕಾಣಲೆಂದು ಹೋಗುತ್ತಾನೆ, ಹೊಲ ಕೆಟ್ಟಿತೆಂದು ಅಳುತ್ತ ಹೋಗುವುದಿಲ್ಲ. ಸ್ಕ್ಯಾನು ಅಂಥದೇ ಒಂದು ಸುತ್ತು. ಹೆದರಿಕೆಯಿಂದ ಅದನ್ನು ಮುಂದೂಡುವುದು ಮಾತ್ರ ಎಂದಿಗೂ ಸಲ್ಲದು.

ಏಕಾದಶಿಯ ವಿಷಯವಾಗಿ ಒಂದು ಮಾತು. ಔಷಧ ನಡೆದಿರುವಾಗಲೂ ನಿರ್ಜಲವನ್ನೇ ಮಾಡುವೆನೆಂದು ಹಟ ಹಿಡಿಯುವ ಹಿರಿಯ ಹೆಣ್ಣುಮಕ್ಕಳಿದ್ದಾರೆ. ನೀರು, ಗೆಡ್ಡೆ, ಹಣ್ಣು, ಹಾಲು, ಔಷಧಗಳಿಂದ ವ್ರತವು ಕೆಡುವುದಿಲ್ಲವೆಂದು ಶಾಸ್ತ್ರವೇ ಹೇಳಿರುವಾಗ, ಅಶಕ್ತರು ವೈದ್ಯರನ್ನೂ ತಮ್ಮ ಗುರುಗಳನ್ನೂ ಕೇಳಿ ನಡೆಯಬೇಕು.

ಮಾನವಿಯ ಜಗನ್ನಾಥದಾಸರಿಗೆ ಉದರರೋಗವು ಬಂದಾಗ ಗೋಪಾಲದಾಸರು ತಮ್ಮ ಆಯುಷ್ಯದಲ್ಲಿ 40 ವರ್ಷಗಳನ್ನು ಅವರಿಗೆ ದಾನ ಮಾಡಿದರೆಂದು ಸಂಪ್ರದಾಯದಲ್ಲಿ ಹೇಳುತ್ತಾರೆ. ಆ ಮೇಲೆ ಎಂದಾದರೂ ಹೊಟ್ಟೆಯಲ್ಲಿ ಸಣ್ಣ ನೋವು ಕಂಡಾಗ ಅವರಿಗೇನೆನಿಸಿತೋ, ಕಥೆ ಹೇಳುವುದಿಲ್ಲ. ಹರಿಕಥಾಮೃತಸಾರವು ನಮಗೆ ದೊರೆತದ್ದು ಆ ದಾನದ ವರ್ಷಗಳಲ್ಲಿ.

ಯಂತ್ರದೊಳಗೆ ಮಲಗಿಸಿ “ಉಸಿರು ಹಿಡಿಯಿರಿ, ಈಗ ಬಿಡಿರಿ” ಎನ್ನುವಾಗ ನಾಲಗೆ ಒಣಗಿ ಕಲಿತ ಸ್ತೋತ್ರವೊಂದೂ ನೆನಪಿಗೆ ಬಾರದಿರಬಹುದು. ಅದಕ್ಕಾಗಿ ಕಳವಳ ಬೇಡ. ದಿನವೊಂದಕ್ಕೆ 21,600 ಶ್ವಾಸಗಳಲ್ಲಿ ಹಂಸಮಂತ್ರದ ಜಪವನ್ನು ಜೀವರ ಒಳಗಿದ್ದು ಮಾಡುವವರು ಮುಖ್ಯಪ್ರಾಣದೇವರು. ಬಿಟ್ಟ ಉಸಿರಿನೊಡನೆ ಅವರ ಜಪವು ಮತ್ತೆ ನಡೆಯುತ್ತದೆ. ಹೊರಗೆ ಬೆಂಚಿನ ಮೇಲೆ ಕುಳಿತ ಮನೆಯವರು, ನೆನಪಿದ್ದಷ್ಟು ಸ್ತೋತ್ರವನ್ನು ಅವರ ಪರವಾಗಿ ಹೇಳಿಕೊಳ್ಳಲಿ.

॥ ಶ್ರೀಕೃಷ್ಣಾರ್ಪಣಮಸ್ತು ॥